ಅರವತ್ತು ಬನ್ನು, ಒಂದು ಉಂಗುರ

ತೂಕ ಇಳಿಸಲೆಂದು ಡಾಕ್ಟರು ಬೇಕರಿಯವರ ಹೊಟ್ಟೆಯನ್ನು ಕತ್ತರಿಸಿ, ಬಾಳೆಹಣ್ಣಿನಷ್ಟು ಉಳಿಸಿ ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಇಳಿದದ್ದು ಇಪ್ಪತ್ತೈದು ಕಿಲೊ. (ಅಂದರೆ ಅರ್ಧ ಮೂಟೆ ಮೈದಾ. ಈ ಮಹಾನುಭಾವರು ಲೋಕದ ಸಮಸ್ತವನ್ನೂ ಮೈದಾ ಮೂಟೆಯಲ್ಲೇ ಅಳೆಯುತ್ತಿದ್ದರು.) ಪ್ಯಾಂಟು ಜಾರಿತು, ಬೆಲ್ಟಿಗೆ ಹೊಸ ತೂತು ಹೊಡೆದರು. ವಾಚು ಜಾರಿತು, ಮೊಳಕೈವರೆಗೆ ಏರಿಸಿಕೊಂಡರು. ಆದರೆ ಇವತ್ತು ಬೆಳಿಗ್ಗೆ ಏಳಕ್ಕೆ ಕೊನೆಯ ತಟ್ಟೆ ಬನ್ನು ಒಲೆಯಿಂದ ತೆಗೆದು ನೋಡುತ್ತಾರೆ, ಬೆರಳಲ್ಲಿ ಮದುವೆಯ ಉಂಗುರವೇ ಇಲ್ಲ!

ಹದಿನೆಂಟು ವರ್ಷ ಅಲ್ಲಾಡದ ಉಂಗುರವದು. ಆಪರೇಷನ್ನಿನ ದಿನ ನರ್ಸಮ್ಮ ಸೋಪು ಹಚ್ಚಿ ಎಳೆದು, ಎಣ್ಣೆ ಹಚ್ಚಿ ಎಳೆದು, ಕೊನೆಗೆ ಸೋತು ಅದರ ಮೇಲೆ ಟೇಪು ಸುತ್ತಿದ್ದರು. ಈಗ ಅದು ಹೇಳದೆ ಕೇಳದೆ ಹೊರಟುಹೋಗಿತ್ತು. ಎಲ್ಲಿಗೆ? ಹಿಟ್ಟಿಗೆ, ಇನ್ನೆಲ್ಲಿಗೆ!

ಸಂಕಟವಿದ್ದದ್ದು ಅಲ್ಲೇ. ಮೂರು ತಿಂಗಳು ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಹಿಟ್ಟನ್ನೂ ಮುಟ್ಟಬೇಡಿ ಎಂದು ಹೆಂಡತಿ ಸೇರಿಸಿದ್ದಳು. "ನಿಮ್ಮ ಕೈ ಹೋದ ಕಡೆ ಬಾಯಿ ಹೋಗದೆ ಇರಲ್ಲ" ಎಂದು ನಾದುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದಳು. ಇವತ್ತು ಬೆಳಗಿನ ಜಾವ ಆಕೆ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಇವರು ಕದ್ದು ಹಿಟ್ಟಿಗೆ ಕೈಹಾಕಿದ್ದರು. ಏಳೂವರೆಗೆ ಸರಿಯಾಗಿ ನಿವೃತ್ತ ಮೇಷ್ಟ್ರು ಬನ್ನಿಗೆ ಬರುತ್ತಾರೆ. ಅವರದು ಹೋದ ವಾರವಷ್ಟೇ ಕಟ್ಟಿಸಿದ ಹಲ್ಲು.

ಬೇಕರಿಯವರು ಚಾಕು ಹಿಡಿದರು. ಒಂದೊಂದೇ ಬನ್ನು ಎರಡು ಹೋಳಾಗತೊಡಗಿತು. ಐವತ್ತೊಂಬತ್ತನೆಯದು ಸೀಳುವಾಗ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಒಂದು ಮುಷ್ಟಿ ಬಿಗಿಹಿಡಿದು.

"ಏನ್ರೀ ಇದು?"

"ಐದೇ ನಿಮಿಷ ನಾದಿದ್ದು ಕಣೇ, ಸತ್ಯವಾಗ್ಲೂ."

ಆಕೆ ಮಾತಾಡಲಿಲ್ಲ. ಅವಳು ಕೂಗಾಡಿದ್ದರೆ ಇವರು ತಡೆದುಕೊಳ್ಳುತ್ತಿದ್ದರು.

"ಸರಿ, ಇವತ್ತೊಂದೇ ದಿನ ಅಲ್ಲ. ಒಂದು ವಾರದಿಂದ."

ಆಕೆಯ ಮುಷ್ಟಿ ಇನ್ನಷ್ಟು ಬಿಗಿಯಾಯಿತು.

"ಸೋಮವಾರ ಮೂಟೆ ಜರುಗಿಸಿದ್ದೂ ನಾನೇ. ಆಮೇಲೆ... ಗುರುವಾರ ವಾಂತಿ ಆಯ್ತಲ್ಲ, ಅದು ಮೊಟ್ಟೆಯಿಂದ ಅಲ್ಲ. ಬಿಸಿ ಬನ್ನು. ಒಂದೇ ಒಂದು ಚೂರು."

"ಅಯ್ಯೋ! ಪಾಪ, ಆ ಮೊಟ್ಟೆ ಅಂಗಡಿಯವರ ಹತ್ರ ಬೀದಿಯಲ್ಲಿ ನಿಂತು ಜಗಳ ಆಡಿ ಬಂದೆನಲ್ರೀ!"

"ಎಲ್ಲ ತಪ್ಪೂ ನಂದೇ. ಆದ್ರೆ ಉಂಗುರ ಹಿಟ್ಟಲ್ಲಿ ಹೋಗ್ಬಿಡ್ತು ಕಣೇ" ಎಂದು ಬೇಕರಿಯವರು ಬರಿದಾದ ಬೆರಳು ತೋರಿಸಿದರು.

ಹೆಂಡತಿ ಮುಷ್ಟಿ ಬಿಚ್ಚಿದಳು. ಉಂಗುರ! ಸಡಿಲವಾಗದಂತೆ ಅದಕ್ಕೆ ನೀಟಾಗಿ ಕೆಂಪು ದಾರ ಸುತ್ತಿತ್ತು.

"ಹಾಸಿಗೆ ಮಡಿಸುವಾಗ ದಿಂಬಿನ ಕೆಳಗೆ ಸಿಕ್ತು. ದಾರ ಸುತ್ತಿ ತಂದೆ."

"ಬಂದ ತಕ್ಷಣ ಹೇಳಬಾರ್ದಿತ್ತಾ?"

"ನೀವು ಬಾಯಿ ಮುಚ್ಚಿದ್ರೆ ತಾನೆ!"

ಬೇಕರಿಯವರಿಗೆ ಹೋದ ಜೀವ ಬಂದಂತಾಯಿತು. ನಾಚಿಕೆಗಿಂತ ನೆಮ್ಮದಿಯೇ ಹೆಚ್ಚಾಗಿ, ಸ್ಟೂಲಿನ ಮೇಲೆ ಕುಸಿದು ಕುಳಿತರು. ಆಕೆ ಉಂಗುರ ತೊಡಿಸುತ್ತಾ ಮೆಲ್ಲಗೆ ಹೇಳಿದಳು: "ಉಂಗುರ ಹೋದ್ರೆ ಇನ್ನೊಂದು ಮಾಡಿಸ್ಬಹುದು. ಆಪರೇಷನ್ ರೂಮಿನ ಹೊರಗೆ ಮೂರು ಗಂಟೆ ಕೂತಿದ್ದೀನಿ ನಾನು. ನಿಮಗೇನಾದ್ರೂ ಆದ್ರೆ ಇನ್ನೊಬ್ಬರನ್ನ ಎಲ್ಲಿಂದ ತರ್ಲಿ?"

ಅಷ್ಟರಲ್ಲಿ ಮೇಷ್ಟ್ರು ಬಂದರು. ಹೋಳುಗಳ ರಾಶಿ ನೋಡಿ ಒಂದು ಚೂರು ಬಾಯಿಗೆ ಹಾಕಿಕೊಂಡರು. "ಭೇಷ್! ಕಚ್ಚೋ ಕಷ್ಟವೇ ಇಲ್ಲ. ನಾಳೆಯಿಂದ ಹೀಗೇ ಕೊಡಿಯಪ್ಪ."

"ಆಗ್ಲಿ ಸಾರ್. ಇವರೇ ಕತ್ತರಿಸ್ತಾರೆ, ದಿನಾ ಅರವತ್ತು" ಎಂದಳು ಹೆಂಡತಿ. "ಭಾರ ಎತ್ತೋ ಕೆಲಸ ಅಲ್ಲ, ನಾದೋ ಕೆಲಸನೂ ಅಲ್ಲ. ಡಾಕ್ಟರೂ ಬೇಡ ಅನ್ನಲ್ಲ."

ಉಳಿದಿದ್ದ ಒಂದು ಬನ್ನನ್ನು ಬೇಕರಿಯವರು ಹತ್ತಿರಕ್ಕೆ ಎಳೆದುಕೊಂಡು ಸೀಳಿದರು. ಬಿಸಿ ಹಬೆ ಎದ್ದು ನೇರ ಮೂಗಿಗೇ ಬಂತು. ಉಂಗುರವಿದ್ದ ಕೈ ತಾನಾಗಿಯೇ ಬಾಯಿಯತ್ತ ಮೇಲೇಳುವುದರಲ್ಲಿತ್ತು.

"ರೀ," ಒಳಗೆ ಹೋಗಿದ್ದ ಹೆಂಡತಿಯ ದನಿ ಬಂತು, "ಕೈ ಕೆಳಗೆ."

ಕೈ ಕೆಳಗಿಳಿಯಿತು. ಉಂಗುರ ಮಾತ್ರ ಜಾರಲಿಲ್ಲ.