ಹೊಳೆ ದಾಟದ ನಾದಿನಿ

ಆ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಲ್ಲವೂ ದಿನದ ಹಾಗೆಯೇ ಶುರುವಾಯಿತು. ಅತ್ತೆ ರೇಡಿಯೋ ಹಾಕಿಕೊಂಡು, ವಾರ್ತೆ ಓದುವವರ ಒಂದೊಂದು ಮಾತಿಗೂ ಉತ್ತರ ಕೊಡುತ್ತ ಹೂ ಕಟ್ಟುತ್ತಿದ್ದರು. ನಮ್ಮ ಯಜಮಾನರು ಜಗಲಿಯಲ್ಲಿ ನಿಂತು ತೋಟದ ರೈಟರಿಗೆ ಆ ದಿನದ ಕೆಲಸ ಹೇಳಿ ಮುಗಿಸುವಷ್ಟರಲ್ಲಿ ಅವರ ಕಾಫಿ ಆರಿತ್ತು. ಆರಿದ್ದು ನನ್ನ ತಪ್ಪು. ಇಷ್ಟು ಎಕರೆ ಕಾಫಿ ಬೆಳೆದೂ ಒಂದು ಲೋಟ ಬಿಸಿ ಕಾಫಿ ಕುಡಿಯದ ಮನುಷ್ಯ! ನಾನು ರೊಟ್ಟಿ ತಟ್ಟುತ್ತಿದ್ದೆ. ಪಕ್ಕದ ಎಸ್ಟೇಟಿನ ದೊಡ್ಡಮ್ಮ ಅಡಿಗೆಗೆಂದು ತಮ್ಮ ದೊಡ್ಡ ಕೊಳದಪ್ಪಲೆಯನ್ನು ಜೀಪಿನಲ್ಲಿ ಕಳಿಸದೆ ತಾವೇ ತಂದುಕೊಟ್ಟು, ಹಾಗೇ ಎರಡು ರೊಟ್ಟಿಗೆ ಕೂತರು. ಮಧ್ಯಾಹ್ನ ನಮ್ಮ ನಾದಿನಿಗೆ ಬಯಕೆ ಊಟ.

ಈ ನಾದಿನಿಯಷ್ಟು ವಿಧೇಯಳಾದ ಮಗಳು ಇಡೀ ಮೂಡಿಗೆರೆ ತಾಲ್ಲೂಕಿನಲ್ಲಿ ಇರಲಿಕ್ಕಿಲ್ಲ. ಬಸುರಿ ಹೊಳೆ ದಾಟಬಾರದು ಎಂದು ಅತ್ತೆ ಹೇಳಿದ್ದರು. ಅವಳು ಹೊಳೆ ದಾಟಲಿಲ್ಲ. ಸಮುದ್ರ ದಾಟಿದಳು. ದಾಟಿದ್ದಷ್ಟೇ ಅಲ್ಲ, ನಡುನೀರಿಗೆ ಇಳಿದು ತಿಮಿಂಗಿಲಗಳ ಜೊತೆ ಈಜಿ ಬಂದಳು!

ಅವಳಿಗೆ ನೀರಿನ ಹುಚ್ಚು ಹೊಸದಲ್ಲ. ಕಾಲೇಜಿಗೆ ಹೋಗುವಾಗಲೇ ಜೀಪಿನ ಹಳೇ ಟ್ಯೂಬು ಸೊಂಟಕ್ಕೆ ಸಿಕ್ಕಿಸಿಕೊಂಡು, ಸ್ಪ್ರಿಂಕ್ಲರಿಗೆಂದು ತೋಡಿಸಿದ ತೋಟದ ಕೆರೆಯಲ್ಲಿ ಈಜು ಕಲಿತವಳು. ಹೆಣ್ಣು ನೋಡಲು ಆಲ್ದೂರಿನ ಕಡೆಯ ಹುಡುಗ ಬಂದಾಗ ಅವರ ಮನೆಯವರು, ಹುಡುಗೀನ ಏನಾದರೂ ಕೇಳೋದಿದ್ರೆ ಕೇಳಪ್ಪ ಎಂದರು. ಹುಡುಗ ಬಾಯಿ ತೆರೆಯುವ ಮೊದಲೇ ಇವಳು ಕೇಳಿದಳು: "ನಿಮಗೆ ಈಜು ಬರುತ್ತಾ?" ಬರುವುದಿಲ್ಲ ಎಂದರು ಪಾಪ. "ಪರವಾಗಿಲ್ಲ, ಕಲಿಸ್ತೀನಿ." ಸಂಬಂಧ ಕುದುರಿತು. ಅವರು ಇವತ್ತಿಗೂ ಕಲಿತಿಲ್ಲ. ಅವಳು ನೀರಿಗಿಳಿದರೆ ದಡದಲ್ಲಿ ಟವೆಲ್ ಹಿಡಿದು ನಿಲ್ಲುವುದರಲ್ಲಿ ಮಾತ್ರ ಪಳಗಿದ್ದಾರೆ.

ಇಂಥವಳಿಗೆ ಹೊಳೆ ದಾಟಬೇಡ ಎಂಬ ಕಟ್ಟಳೆ ಏಕೆ ಬಂತೆಂದರೆ, ಈ ಮೊದಲು ಎರಡು ಸಲ ಗರ್ಭ ಉಳಿದಿರಲಿಲ್ಲ. ಮೂರನೆಯದು ಎಂದು ತಿಳಿದ ದಿನದಿಂದ ಅತ್ತೆಯ ಕಟ್ಟಳೆಗಳು ಬೆಳೆಯುತ್ತ ಹೋದವು. ಪರಂಗಿ ಹಣ್ಣು ಕಣ್ಣಿಗೂ ಬೀಳಕೂಡದು. ಸಂಜೆ ಹೊತ್ತು ಮರದಡಿ ನಿಲ್ಲಕೂಡದು. ಕಳಸದ ದೇವಸ್ಥಾನದಿಂದ ಮಂತ್ರಿಸಿ ತರಿಸಿದ ಕೆಂಪು ದಾರವನ್ನು ಅತ್ತೆ ನನ್ನನ್ನೂ ಕರೆದುಕೊಂಡು ಅವಳ ಮನೆಗೆ ಹೋಗಿ ತಾವೇ ಅವಳ ತೋಳಿಗೆ ಕಟ್ಟಿದರು. ಆದರೆ ಅವಳ ಹೊಟ್ಟೆಯ ಕಡೆ ಮಾತ್ರ ನೋಡುತ್ತಿರಲಿಲ್ಲ. ಮುಟ್ಟುವುದಂತೂ ದೂರ. ಮೊದಲೆರಡು ಸಲ ಆಸೆಯಿಂದ ಮುಟ್ಟಿ ನೋಡಿ ತಮ್ಮ ಕಣ್ಣೇ ತಾಗಿತು ಎಂಬುದು ಅವರ ಲೆಕ್ಕ. ಯಾರಿಗೂ ಹೇಳಿರಲಿಲ್ಲ, ಆದರೆ ಮಗಳು ಎದುರು ಬಂದರೆ ಅವರ ಎರಡೂ ಕೈ ಸೆರಗಿನೊಳಗೆ ಹೋಗುವುದನ್ನು ನಾನು ನೋಡಿದ್ದೆ.

ಐದನೇ ತಿಂಗಳಲ್ಲಿ ನಾದಿನಿಯ ಫೋನು ಬಂತು.

"ಅತ್ತಿಗೆ, ಅಮ್ಮ ಕೇಳಿದ್ರೆ ಕೊಡಗಿಗೆ ಹೋಗಿದಾರೆ ಅನ್ನಿ. ಇವರ ಸೋದರತ್ತೆ ಮನೆಗೆ."

"ನಿಜವಾಗ್ಲೂ ಎಲ್ಲಿಗೆ ಕಣೇ?"

"ಕೊಡಗಿಂದ ಸ್ವಲ್ಪ ಮುಂದೆ. ಮಾರಿಷಸ್."

ಡಾಕ್ಟರು ಒಪ್ಪಿದ್ದಾರಾ ಎಂದು ಕೇಳಿದೆ. ಚಿಕ್ಕಮಗಳೂರಿನ ಲೇಡಿ ಡಾಕ್ಟರು, ಎಲ್ಲ ಚೆನ್ನಾಗಿದೆ, ಪ್ರಯಾಣ ಮಾಡಬಹುದು, ಈಜಿದರೂ ಒಳ್ಳೆಯದೇ ಎಂದರಂತೆ. ಯಾವ ಕೆರೆಯಲ್ಲಿ ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಕೊಡಗು ಎಂದಾಕ್ಷಣ ಅತ್ತೆ, ಸಕಲೇಶಪುರದ ಸೇತುವೆ ಹೇಗೆ ದಾಟಿದಳೋ ಎಂದು ಎರಡು ದಿನ ಊಟ ಬಿಟ್ಟರು.

ಈಗ ಏಳನೇ ತಿಂಗಳು, ಬಯಕೆಗೆ ತವರಿಗೆ ಬರಬೇಕು. ನಡುವೆ ಮತ್ತೆ ಅದೇ ತಕರಾರು: ನಮ್ಮ ತೋಟಕ್ಕೆ ಬರುವ ದಾರಿಯಲ್ಲೊಂದು ಹೊಳೆ. ಬೇಸಿಗೆಯಲ್ಲಿ ಕೋಳಿಮರಿ ಕಾಲು ನೆನೆಯದೆ ದಾಟುತ್ತದೆ, ಆದರೂ ಹೊಳೆ ಹೊಳೆಯೇ. ಪುರೋಹಿತರು ಪರಿಹಾರ ಹೇಳಿದ್ದರು. ಅದರಂತೆ ಆ ಬೆಳಿಗ್ಗೆ ಜೀಪನ್ನು ಸೇತುವೆಯ ಆಚೆ ನಿಲ್ಲಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ನಾದಿನಿಯ ಕೈಯಿಂದ ನೀರಿಗೆ ಅರಿಸಿನ ಕುಂಕುಮ ಹಾಕಿಸಿದೆವು. ಹಿಂದೂ ಮಹಾಸಾಗರವನ್ನು ಕಂಡು ಬಂದವಳು ಆ ತೊರೆಯ ಮುಂದೆ ಎಷ್ಟು ಭಯಭಕ್ತಿಯಿಂದ ನಿಂತಿದ್ದಳೆಂದರೆ, ನಗು ತಡೆಯಲು ನಾನು ಆಕಾಶ ನೋಡಬೇಕಾಯಿತು. ಕಾನ್ವೆಂಟಿನಲ್ಲಿ ಪ್ರಾರ್ಥನೆಯ ಹೊತ್ತಿಗೆ ನಗು ಬಂದಾಗ ಹಾಗೇ ಮಾಡುತ್ತಿದ್ದೆವು. ಸೇತುವೆಯ ಈಚೆ ಅತ್ತೆ ಕಣ್ಣು ಮುಚ್ಚಿ, ಜೀಪು ದಾಟುವವರೆಗೂ ಉಸಿರು ಬಿಡದೆ ನಿಂತಿದ್ದರು. ಅದನ್ನು ನೋಡಿದ ಮೇಲೆ ನಗು ತಾನಾಗಿ ಹೋಯಿತು.

ಕಡುಬು, ಕೋಳಿಸಾರು, ಹೋಳಿಗೆ ಎಲ್ಲ ಮುಗಿದು ಹೆಂಗಸರು ನಡುಮನೆಯಲ್ಲಿ ಎಲೆಅಡಿಕೆ ಹಾಕುತ್ತ ಕೂತಿದ್ದರು. ಅನಾಹುತ ಆದದ್ದು ಆಗಲೇ. ಅಳಿಯಂದಿರು ಒಂದು ಸಿ.ಡಿ. ಹಿಡಿದು ಬಂದು, "ಭಾವ, ಇದೊಂದು ನೋಡಿ" ಎಂದು ನಮ್ಮ ಯಜಮಾನರನ್ನು ಕರೆದು ಟಿ.ವಿ.ಗೆ ಹಾಕಿಯೇಬಿಟ್ಟರು. ಇಷ್ಟು ಹೊತ್ತಿಗೆ ಹೆಂಡತಿ ತಾಯಿಗೆ ಹೇಳಿರುತ್ತಾಳೆ ಎಂದು ಅವರು ತಿಳಿದಿದ್ದರಂತೆ. ಗಂಡ ಅಷ್ಟು ದಡ್ಡನಿರಲಾರ ಎಂದು ಅವಳು ತಿಳಿದಿದ್ದಳಂತೆ. ದಾಂಪತ್ಯ ಎಂದರೆ ಇದೇ ಅಲ್ಲವೇ?

ಮೊದಲು ಬರೀ ನೀಲಿ ಬಂತು. ಟಿ.ವಿ. ಕೆಟ್ಟಿದೆ ಎಂದರು ಒಬ್ಬರು. ಆಮೇಲೆ ನಮ್ಮ ಕಾಫಿ ಗೋಡೌನಿನಷ್ಟು ದೊಡ್ಡ ಕಪ್ಪು ಆಕಾರವೊಂದು ಮೆಲ್ಲಗೆ ತೇಲಿ ಬಂತು, ಅದರ ಮಗ್ಗುಲಿಗೆ ಅಂಥದೇ ಸಣ್ಣದೊಂದು. ಬಯಕೆಯ ದಿನ ಬಸುರಿ ಇಷ್ಟು ದೊಡ್ಡ ಮೀನು ನೋಡಬಹುದಾ ಎಂದು ಯಾರೋ ಅನುಮಾನಪಟ್ಟರು. ಅದು ಮೀನಲ್ಲ, ಮರಿಗೆ ಹಾಲೂಡಿಸುವ ಪ್ರಾಣಿ ಎಂದೆ ನಾನು. ಮದುವೆಯಾದ ಮೇಲೆ ನನ್ನ ಕಾನ್ವೆಂಟ್ ವಿದ್ಯೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಅಷ್ಟರಲ್ಲಿ ಪಕ್ಕದಿಂದ ಒಬ್ಬಳು ಹೆಂಗಸು, ಮುಖಕ್ಕೆ ಗಾಜಿನ ಮುಖವಾಡ, ಬಾಯಲ್ಲಿ ಕೊಳವೆ, ಗುಂಡಗಿನ ಹೊಟ್ಟೆ ಹೊತ್ತು ಈಜಿಕೊಂಡು ಬಂದಳು.

"ಆ ಹೊಟ್ಟೆ ಎಲ್ಲೋ ನೋಡಿದ ಹಾಗಿದೆಯಲ್ಲ ಮಾರಾಯ್ತಿ," ಎಂದರು ದೊಡ್ಡಮ್ಮ.

ಆ ಹೆಂಗಸಿನ ತೋಳಿನಲ್ಲಿ ಕೆಂಪು ದಾರವಿತ್ತು. ಅತ್ತೆ ಕನ್ನಡಕ ಸರಿಮಾಡಿಕೊಂಡು ಟಿ.ವಿ. ನೋಡಿದರು, ಮಗಳ ತೋಳು ನೋಡಿದರು, ಎದ್ದು ಅಡಿಗೆಮನೆಗೆ ಹೋದರು. ಆಗ ಟಿ.ವಿ.ಯ ಮೂಲೆಯಲ್ಲಿದ್ದ ತಾರೀಖು ನೋಡಿ ಬಾಯಿ ಬಿಟ್ಟವರು ನಮ್ಮ ಯಜಮಾನರೊಬ್ಬರೇ: "ಫೆಬ್ರವರೀಲಾ ಹೋಗಿದ್ದು? ಹಾಗಾದ್ರೆ ಸ್ಪ್ರಿಂಕ್ಲರ್ ಯಾರು ನೋಡ್ಕೊಂಡ್ರು?" ಕಾಫಿ ಹೂವಿಗೆ ನೀರು ಹಾಯಿಸುವ ಕಾಲದಲ್ಲಿ ತೋಟ ಬಿಟ್ಟು ಹೋಗುವುದಕ್ಕಿಂತ ದೊಡ್ಡ ಅಪರಾಧ ಅವರಿಗೆ ತಿಳಿಯದು.

ನಾನೂ ನಾದಿನಿಯೂ ಒಳಗೆ ಹೋದೆವು. ಅತ್ತೆ ಒರೆಸಿಟ್ಟ ತಟ್ಟೆಗಳನ್ನೇ ಮತ್ತೆ ಒರೆಸುತ್ತಿದ್ದರು. ಬೈದಿದ್ದರೆ ಒಳ್ಳೆಯದಿತ್ತು. ರೇಡಿಯೋಗೂ ಉತ್ತರ ಕೊಡುವವರು ಒಂದು ಮಾತೂ ಆಡಲಿಲ್ಲ.

"ಅಮ್ಮ, ಎರಡು ಸಲವೂ ನೀನು ಹೇಳಿದ್ದೆಲ್ಲ ಕೇಳಿದ್ದೆ," ಎಂದಳು ನಾದಿನಿ. "ಮಂಚ ಬಿಟ್ಟು ಇಳೀಲಿಲ್ಲ. ಮಲಗಿದಲ್ಲೇ ಹೆದರ್ತಾ ಇದ್ದೆ. ಈ ಸಲ ಹೆದರ್ಕೊಂಡೇ ಹೆರಕ್ಕೆ ನನ್ನ ಕೈಲಾಗಲ್ಲ ಅನ್ನಿಸ್ತು."

ತಟ್ಟೆ ಒರೆಸುವುದು ನಿಲ್ಲಲಿಲ್ಲ.

"ಅದು ಹತ್ತಿರ ಬಂದು ಒಂದು ಸದ್ದು ಮಾಡ್ತಮ್ಮ. ಟಕ್ ಟಕ್ ಅಂತ, ನನ್ನ ಪಕ್ಕೆಲುಬಿನೊಳಗೇ ಯಾರೋ ಬಾಗಿಲು ಬಡಿದ ಹಾಗೆ. ಆಗ ಇದು ಒದೀತು. ಮೊದಲ್ನೇ ಸಲ ಒದ್ದಿದ್ದು ಅಲ್ಲೇ."

ಮೊದಲೆರಡೂ ಒದೆಯುವವರೆಗೆ ಉಳಿದಿರಲಿಲ್ಲ.

ಅತ್ತೆ ತಟ್ಟೆ ಕೆಳಗಿಟ್ಟು ಕೈಗಳನ್ನು ಸೆರಗಿನೊಳಗೆ ಸೇರಿಸಿದರು. ಬಹಳ ಹೊತ್ತು ಆ ಕೆಂಪು ದಾರವನ್ನೇ ನೋಡಿದರು; ಉಪ್ಪುನೀರಿಗೆ ಬಣ್ಣ ಮಾಸಿತ್ತು, ಗಂಟು ಬಿಚ್ಚಿರಲಿಲ್ಲ. ಕೊನೆಗೆ ಕೇಳಿದ್ದು ಇಷ್ಟೇ:

"ಯಾವ ಕಡೆ ಒದ್ದಿದ್ದು?"

ನಾದಿನಿ ಅಮ್ಮನ ಕೈಯನ್ನು ಸೆರಗಿನೊಳಗಿಂದ ಎಳೆದು ಆ ಜಾಗದಲ್ಲಿ ಇಟ್ಟುಕೊಂಡಳು. ನಾನು ಯಾರೂ ಕೇಳದ ಕಾಫಿ ಮಾಡಲು ಒಲೆಯ ಕಡೆ ತಿರುಗಿದೆ.

ಸಂಜೆ ನೆಂಟರೆಲ್ಲ ಹೊರಟ ಮೇಲೆ ದೊಡ್ಡಮ್ಮ ತಮ್ಮ ಕೊಳದಪ್ಪಲೆ ತೆಗೆದುಕೊಳ್ಳಲು ಬಂದರು. ತಾಯಿ ಮಗಳು ಜಗಲಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತಿದ್ದರು. ಅತ್ತೆಯ ಕೈ ಇನ್ನೂ ಅಲ್ಲೇ ಇತ್ತು. ದೊಡ್ಡಮ್ಮ ಅದನ್ನು ನೋಡಿದರೋ ಇಲ್ಲವೋ, ನಾನು ತುಂಬಿಕೊಟ್ಟ ಹೋಳಿಗೆಯ ಡಬ್ಬಿಯ ಮುಚ್ಚಳ ಗಟ್ಟಿ ಇದೆಯೇ ಎಂದು ಒತ್ತಿ ನೋಡುತ್ತ ಹೇಳಿದರು:

"ಆ ತಿಮಿಂಗಿಲಕ್ಕೆ ಬಯಕೆ ಊಟ ಯಾರು ಹಾಕಿದ್ರೋ, ಪಾಪ."