ಖಾಲಿ ಡಬ್ಬ ಕೊಡುವ ಹಾಗಿಲ್ಲ

ಮೂಡುಬಿದಿರೆಯ ಪರಿಸರ ಶಿಬಿರದಿಂದ ಮರಳಿದ ಕಮಲಾಕ್ಷ ಚಪ್ಪಲಿ ಬಿಚ್ಚುವ ಮೊದಲೇ ಪ್ಲಾಸ್ಟಿಕ್ಕಿನ ಮೇಲೆ ಯುದ್ಧ ಸಾರಿದ. (ಶಿಬಿರಕ್ಕೆ ಹೋಗಬೇಕಾಗಿದ್ದವರು ಅವನ ಆಫೀಸಿನ ಸಾಹೇಬರು. ಅವರಿಗೆ ಆ ದಿನ ಮದುವೆಯೊಂದಿತ್ತು.) ಹೊಸ ಶತಮಾನ ಹುಟ್ಟಿ ಎರಡೋ ಮೂರೋ ವರ್ಷವಾಗಿತ್ತು, ಪ್ಲಾಸ್ಟಿಕ್ ಕವರು ಇಲ್ಲದೆ ಅವನ ಊರಾದ ಬಿ.ಸಿ.ರೋಡಿನ ಪೇಟೆಯಲ್ಲಿ ಒಂದು ಕಟ್ಟು ಬಸಳೆಯೂ ಸಿಗದ ಕಾಲ. ಶಿಬಿರದಲ್ಲಿ ದನದ ಹೊಟ್ಟೆಯಿಂದ ತೆಗೆದ ಕವರುಗಳ ಚಿತ್ರ ತೋರಿಸಿದ್ದರು. ಅದನ್ನು ಕಂಡ ಕಮಲಾಕ್ಷನಿಗೆ ಮಧ್ಯಾಹ್ನದ ಊಟ ಸೇರಿರಲಿಲ್ಲ. ಪಾಯಸ ಮಾತ್ರ ಹೇಗೋ ಸೇರಿತ್ತು.

ಅಡುಗೆಮನೆಯ ಬಾಗಿಲ ಹಿಂದೆ ಹೆಂಡತಿ ಕುಸುಮ ತೊಳೆದು, ಒಣಗಿಸಿ, ಮಡಚಿಟ್ಟ ಕವರುಗಳ ಭಂಡಾರವಿತ್ತು. ಕಮಲಾಕ್ಷ ಅದನ್ನು ಗೋಣಿಗೆ ತುಂಬಿಸಿ ಗುಜರಿಯವನಿಗೆ ದಾನ ಮಾಡಿದ. ಆಮೇಲೆ ರಾಜಾಜ್ಞೆಗಳು ಹೊರಟವು. ಮೀನಿಗೆ ಪಾತ್ರೆ, ತರಕಾರಿಗೆ ಬಟ್ಟೆಚೀಲ, ಪಾತ್ರೆ ತಿಕ್ಕಲು ತೆಂಗಿನ ನಾರು. ಇನ್ನು ಈ ಮನೆಯಿಂದ ಹೊರಗೆ ಹೋಗುವ ತಿಂಡಿ ಏನಿದ್ದರೂ ಸ್ಟೀಲಿನ ಡಬ್ಬದಲ್ಲೇ ಹೋಗಬೇಕು.

"ಡಬ್ಬದಲ್ಲಿ ಕೊಟ್ಟರೆ ಡಬ್ಬ ವಾಪಸ್ ಬರ್ಬೇಕಲ್ಲ ಮಾರಾಯ್ರೆ" ಎಂದಳು ಕುಸುಮ.

"ಬರ್ತದೆ. ಸ್ಟೀಲು ಇರುವುದೇ ಹೋಗಿ ಬರ್ಲಿಕ್ಕೆ" ಎಂದ ಕಮಲಾಕ್ಷ. ಅದೇ ಅವನ ಕೊನೆಯ ಸುಖದ ಮಾತು.

ಮರುದಿನ ಕುಸುಮ ಕೆಸುವಿನೆಲೆಯ ಪತ್ರೊಡೆ ಮಾಡಿಟ್ಟು ಟೈಲರ್ ಅಂಗಡಿಗೆ ಹೋಗಿದ್ದಳು. ಪಕ್ಕದ ಮನೆಯ ನಬೀಸಾ ಪತ್ರೊಡೆಗೆ ಜೀವ ಬಿಡುವವರು. ಉತ್ಸಾಹ ತಡೆಯಲಾರದೆ ಕಮಲಾಕ್ಷ ತಾನೇ ಕಪಾಟಿನ ಮೇಲಿನ ಅಂತಸ್ತಿನಿಂದ ಫಳಫಳ ಹೊಳೆಯುವ ಡಬ್ಬವೊಂದನ್ನು ಇಳಿಸಿ, ತುಂಬಿಸಿ, ಕಂಪೌಂಡಿನ ಆಚೆ ದಾಟಿಸಿದ. ಕುಸುಮ ಬಂದವಳೇ ಖಾಲಿ ಜಾಗ ನೋಡಿ ಅಲ್ಲೇ ಮಣೆ ಎಳೆದು ಕುಳಿತಳು. ಅದು ಅವಳ ತಾಯಿ ಮದುವೆಗೆ ಕೊಟ್ಟ ಡಬ್ಬ. ಮುಚ್ಚಳದ ಮೇಲೆ "ಗುಲಾಬಿ, ಕಕ್ಕಿಂಜೆ" ಎಂದು ತಾಯಿಯ ಹೆಸರೂ ಊರೂ ಕೆತ್ತಿಸಿದ್ದು. ದೀಪಾವಳಿಗೆ ಬಿಟ್ಟರೆ ಕೆಳಗಿಳಿಯುವುದಿಲ್ಲ.

"ಭಾನುವಾರ ಅಮ್ಮ ಬರ್ತಾರೆ. ಅವರು ಬಂದ ಕೂಡಲೇ ನೋಡುವುದು ಮೊದಲು ಆ ಡಬ್ಬ, ಆಮೇಲೆ ನನ್ನನ್ನು. ಅಷ್ಟರೊಳಗೆ ಅದು ಮನೆಗೆ ಬರ್ಬೇಕು."

ಬೆಳಿಗ್ಗೆ ನಬೀಸಾ ಡಬ್ಬ ಹಿಡಿದು ಬಂದರು. ಕಮಲಾಕ್ಷನ ಮುಖ ಅರಳಿತು, ಕೂಡಲೇ ಮುದುಡಿತು. ಡಬ್ಬ ಬೇರೆ, ಒಳಗೆ ಕರಿದ ಅಕ್ಕಿರೊಟ್ಟಿ, ನೈಪತ್ತಿರ್. ವಿಟ್ಲದಿಂದ ಬಂದಿದ್ದ ತಮ್ಮ ಅಕ್ಕ ರುಖಿಯಮ್ಮನ ಕೈಯಲ್ಲಿ ಪತ್ರೊಡೆಯ ಡಬ್ಬದಲ್ಲೇ ಕೋಳಿ ಸುಕ್ಕ ಹೋಗಿದೆ, ಬರ್ತದೆ ಎಂದರು ನಬೀಸಾ.

ಈಗ ನಬೀಸಾ ಅವರ ಡಬ್ಬ ಹಿಂದಿರುಗಿಸಬೇಕು. ನಮ್ಮ ಊರಿನಲ್ಲಿ ಬಂದ ಡಬ್ಬವನ್ನು ಖಾಲಿ ಕೊಡುವ ಕ್ರಮವಿಲ್ಲ. ಕುಸುಮ ಹಲಸಿನ ಹಪ್ಪಳ ಕರಿದು ತುಂಬಿಸಿದಳು. ಹಪ್ಪಳ ಜಾಸ್ತಿಯಾಗಿ ಇನ್ನೊಂದು ಡಬ್ಬವೂ ಹೋಯಿತು. ಮರುದಿನ ಎರಡರಲ್ಲೂ ಬಿರಿಯಾನಿ ಬಂತು. ಬಿರಿಯಾನಿಗೆ ಸಮನಾಗಿ ಹಪ್ಪಳ ಕೊಟ್ಟರೆ ಮರ್ಯಾದೆಯೇ ಎಂದು ಕುಸುಮ ನೀರುದೋಸೆಗೂ ಕೋಳಿ ಗಸಿಗೂ ಇಳಿದಳು. ಕವರಿನ ಕಾಲದಲ್ಲಿ ಕೊಟ್ಟದ್ದು ಕೊಟ್ಟಲ್ಲಿಗೆ ಮುಗಿಯುತ್ತಿತ್ತು. ಡಬ್ಬಕ್ಕೆ ಮುಕ್ತಾಯವೇ ಇಲ್ಲ. ಹೆಂಗಸರಿಬ್ಬರಿಗೂ ಹುರುಪೋ ಹುರುಪು. ಸಾಗಾಟದ ಖಾತೆಯೂ ತಿಂದು ಮುಗಿಸುವ ಖಾತೆಯೂ ಮಾತ್ರ ಕಮಲಾಕ್ಷನದು. ಅವನ ಪ್ಯಾಂಟಿನ ಹುಕ್ಕು ಈಗ ಉಸಿರು ಬಿಗಿಹಿಡಿದರೆ ಮಾತ್ರ ಸೇರುತ್ತಿತ್ತು.

ಶನಿವಾರವಾದರೂ ಕಕ್ಕಿಂಜೆಯ ಡಬ್ಬದ ಪತ್ತೆಯಿಲ್ಲ. ಕಮಲಾಕ್ಷ ವಿಟ್ಲದ ಬಸ್ಸು ಹತ್ತಿದ. (ಕೈಯಲ್ಲಿ ಒಂದು ಡಬ್ಬ ಗೋಳಿಬಜೆ. ಹೋಗುವವನು ಬರಿಗೈಯಲ್ಲಿ ಹೋಗುವುದು ಹೇಗೆ?) ರುಖಿಯಮ್ಮ ಸಂಭ್ರಮದಿಂದ ಕೂರಿಸಿ, ಊಟಕ್ಕೆ ಎಬ್ಬಿಸಿ, ಎರಡು ಸಲ ಬಡಿಸಿದ ಮೇಲೆ ವಿಷಯ ಹೇಳಿದರು.

"ಮುಚ್ಚಳದಲ್ಲಿ ಹೆಸರು ಓದಿದೆ. ಪಾಪ, ಯಾರ ಡಬ್ಬವೋ ಅವರಿಗೇ ಸೇರ್ಲಿ ಅಂತ ಚಾರ್ಮಾಡಿಗೆ ಲೋಡು ಹೋಗುವ ನಮ್ಮ ಲಾರಿಯಲ್ಲಿ ಕಕ್ಕಿಂಜೆಗೆ ಕಳಿಸಿದೆ. ಹೆದರ್ಬೇಡಿ, ಖಾಲಿ ಕಳಿಸ್ಲಿಲ್ಲ. ಬಿಂಬುಳಿ ಉಪ್ಪಿನಕಾಯಿ ಹಾಕಿದ್ದೆ."

ಕಮಲಾಕ್ಷ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಮಗಳಿಗೆ ಕೊಟ್ಟ ಮದುವೆಯ ಡಬ್ಬ ಯಾರದೋ ಲಾರಿಯಲ್ಲಿ ಅತ್ತೆಯ ಮನೆಗೇ ವಾಪಸಾಗಿದೆ. ಅಳಿಯ ಮಾರಿ ತಿಂದ ಎಂದುಕೊಳ್ಳದೆ ಅವರು ಇನ್ನೇನು ಎಂದುಕೊಂಡಾರು? ರುಖಿಯಮ್ಮ ಬಿಡಲಿಲ್ಲ. ಅವನ ಡಬ್ಬ ತುಂಬಿಸಿ, ಮೇಲೆ ತಮ್ಮದೂ ಒಂದು ಕೊಟ್ಟರು.

ಬಿ.ಸಿ.ರೋಡಿನಲ್ಲಿ ಇಳಿದವನ ಎದುರು ಹಾಜಬ್ಬರ ಪ್ಲಾಸ್ಟಿಕ್ ಅಂಗಡಿ ನಗುತ್ತಿತ್ತು. ಆಚೆ ಈಚೆ ನೋಡಿ ಕಮಲಾಕ್ಷ ಒಂದು ಕಟ್ಟು ಬಿಳಿ ಕವರು ಕೊಂಡ. ಅಂಗಿಯೊಳಗೆ ತುರುಕಿ ಗುಂಡಿ ಹಾಕಿದ. ದನವೇ, ಕ್ಷಮಿಸು. ಇನ್ನು ಈ ಮನೆಯಿಂದ ಹೋದದ್ದು ಯಾವುದೂ ತಿರುಗಿ ಬರಬಾರದು.

ಮನೆಯ ಜಗಲಿಯಲ್ಲಿ ಅತ್ತೆ ಆಗಲೇ ಬಂದು ಕುಳಿತಿದ್ದರು. ಆಚೆ ಕುಸುಮ, ಈಚೆ ನಬೀಸಾ, ನಡುವೆ ಆ ಡಬ್ಬ. ಪಕ್ಕದಲ್ಲಿ ಬಾಯಿ ಕಟ್ಟಿದ ಗೋಣಿ. ಕಮಲಾಕ್ಷನ ಕಾಲು ಮೆಟ್ಟಿಲಿನಲ್ಲೇ ನಿಂತುಹೋಯಿತು. ಆದರೆ ಅತ್ತೆಯ ಮುಖದಲ್ಲಿ ಸಿಟ್ಟೇ ಇರಲಿಲ್ಲ.

"ಮದುವೆಯಾದ ಮೇಲೆ ನನ್ನನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಆ ಲಾರಿಯವರು ಅಂಗಳದಲ್ಲಿ ನಿಂತು, ಗುಲಾಬಿಯಮ್ಮ ಇದ್ದಾರಾ ಅಂತ ಕೇಳಿದ್ರು" ಎಂದರು ಅತ್ತೆ. "ಭಾನುವಾರದ ತನಕ ಕೂರ್ಲಿಕ್ಕೆ ಆಗ್ಲಿಲ್ಲ ನನಗೆ. ಅಟ್ಟದಲ್ಲಿದ್ದ ಡಬ್ಬ ಎಲ್ಲ ತಂದಿದ್ದೇನೆ. ಎಲ್ಲ ತುಂಬಿಸಿಕೊಂಡು ನಾಳೆ ವಿಟ್ಲಕ್ಕೆ ಹೋಗುವ."

ಎಲ್ಲ ಇವರದ್ದೇ ಐಡಿಯಾ ಎಂದು ಕುಸುಮ ಹೆಮ್ಮೆಯಿಂದ ಹೇಳಿದಳು. ಎಷ್ಟೋ ವರ್ಷಗಳ ಮೇಲೆ ಹೆಂಡತಿಯ ಬಾಯಲ್ಲಿ ಕೇಳಿದ ಹೊಗಳಿಕೆ. ಕಮಲಾಕ್ಷ ಅಂಗಿಯ ಗುಂಡಿಗಳನ್ನು ಮುಟ್ಟಿ ನೋಡಿಕೊಂಡ. ಅಮ್ಮನ ಕಾಲು ಹಿಡಿದು ಆಶೀರ್ವಾದ ತಗೊಳ್ಳಿ ಎಂದಳು ಅವಳು. ಬಸ್ಸಿನ ಧೂಳು, ಸ್ನಾನ ಮಾಡಿ ಬರ್ತೇನೆ ಎಂದ ಅವನು. ಅತ್ತೆ ಆಗಲೇ ಕಾಲು ಜೋಡಿಸಿ, ಕೈ ಎತ್ತಿ ಕಾಯುತ್ತಿದ್ದರು.

ಕಮಲಾಕ್ಷ ಬಗ್ಗಿದ. ಅಂಗಿ ಪರಪರ ಎಂದಿತು. ವಾರದಿಂದ ಬಿರಿಯಾನಿ ಸಹಿಸಿದ್ದ ಗುಂಡಿಯೊಂದು ಚಿಮ್ಮಿತು, ಹಿಂದೆಯೇ ಕವರುಗಳು ಅತ್ತೆಯ ಪಾದದ ಮೇಲೆ ಸುರಿದವು. ಗಾಳಿ ಬಂದು ಅವನ್ನು ಜಗಲಿಯ ತುಂಬ ಓಡಾಡಿಸಿತು. ನಬೀಸಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಕುಸುಮಳ ಮುಖವನ್ನು ನೋಡುವ ಧೈರ್ಯ ಅವನಿಗಾಗಲಿಲ್ಲ.

ಅತ್ತೆ ಒಂದು ಕವರು ಎತ್ತಿ, ತಿರುಗಿಸಿ, ಹೆಸರು ಹುಡುಕಿದರು.

"ಇದು ಯಾರಿಗೆ ವಾಪಸ್ ಕೊಡುವುದು, ಅಳಿಯಂದಿರೇ?"

ಮರುದಿನ ಬೆಳಿಗ್ಗೆ ಕಮಲಾಕ್ಷ ಕವರಿನ ಕಟ್ಟನ್ನು ಹಿಂದಿರುಗಿಸಲು ಹೊರಟ. ವಸ್ತು ಕೊಂಡು ವಾಪಸ್ ಕೊಡುವಾಗ ಬರಿಗೈಯಲ್ಲಿ ಹೋಗುವುದು ಚಂದವಲ್ಲ ಎಂದು ಕುಸುಮ ಒಂದು ಡಬ್ಬ ಪತ್ರೊಡೆ ಕೊಟ್ಟು ಕಳಿಸಿದ್ದಳು. ಹಾಜಬ್ಬ ಕವರು ತೆಗೆದುಕೊಂಡರು. ಮುಚ್ಚಳ ತೆರೆದು ಮೂಸಿ ನೋಡಿದರು.

"ನಾಳೆ ಈ ಕಡೆ ಬನ್ನಿ. ಮನೆಯಿಂದ ತುಂಬಿಸಿ ತರ್ತೇನೆ" ಎಂದರು.