ಒಂದೇ ನಂಬರಿನ ಎರಡು ಟ್ರ್ಯಾಕ್ಟರ್

ಪಾಠ ಹೇಳುವವರಿಗೆ ಒಂದು ಶಾಪವಿದೆ. ಯಾವ ತಪ್ಪು ಮಾಡಬೇಡಿ ಅಂತ ಮುಂಜಾನೆ ಹೇಳಿರುತ್ತೇವೋ, ಅದನ್ನೇ ಸಂಜೆಯೊಳಗೆ ನಾವೇ ಮಾಡಿರುತ್ತೇವೆ. ಲಿಂಗಸುಗೂರಿನ ಕಾಲೇಜೊಂದರಲ್ಲಿ ನಾನು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತೇನೆ. ನನ್ನ ಮಾನ ಹೋದದ್ದೆಲ್ಲ ಅದರಿಂದಲೇ.

೧. ಬುತ್ತಿ

ಕ್ಲೋಷರ್ ಅಂದರೆ ತನಗೆ ಬೇಕಾದ ಸಾಮಾನನ್ನು ಬುತ್ತಿ ಕಟ್ಟಿಕೊಂಡು ಹೋಗುವ ಫಂಕ್ಷನ್ ಎಂದು ವಿವರಿಸಿದೆ. ‘ಮೂವ್’ ಅಂತ ಬರೆದರೆ ಬುತ್ತಿ ಪೂರ್ತಿ ಅದರ ಪಾಲು, ಮನೆಯಲ್ಲಿ ಏನೂ ಉಳಿಯುವುದಿಲ್ಲ. ಇಷ್ಟು ಹೇಳಿ, ಮುಂದಿನ ಸಾಲಿನಲ್ಲೇ ಆ ಕೊಟ್ಟ ಸಾಮಾನನ್ನು ಮತ್ತೆ ಬಳಸಿದೆ. ಪರದೆ ತುಂಬ ಕೆಂಪಕ್ಷರ. ಯಾಕಿರಬಹುದು ಅಂತ ಹತ್ತು ನಿಮಿಷ ಕೀಬೋರ್ಡ್ ಕುಟ್ಟಿದೆ. ಕೊನೆಗೆ ಮಸ್ಕಿಯಿಂದ ಬರುವ ಹುಡುಗಿಯೊಬ್ಬಳು ಮೆಲ್ಲಗೆ ಹೇಳಿದಳು: “ಮೇಡಂ, ಬುತ್ತಿ ಆಗ್ಲೇ ಬಸ್ ಹತ್ತೈತ್ರಿ.”

೨. ಬಾಯಿ ಮುಚ್ಚಿಸಿದ್ದು

ಸಿಂಧನೂರಿನ ಅಕ್ಕಿ ಗಿರಣಿಯ ಸಾಹುಕಾರರು ಭತ್ತದ ಟ್ರ್ಯಾಕ್ಟರ್‌ಗಳಿಗೆ ಟೋಕನ್ ಕೊಡುವ ಪ್ರೋಗ್ರಾಂ ನನ್ನಿಂದ ಬರೆಸಿದರು. ಎರಡು ಗೇಟು, ಗೇಟಿಗೊಂದು ಥ್ರೆಡ್, ಅಂದರೆ ಏಕಕಾಲಕ್ಕೆ ನಡೆಯುವ ಎರಡು ಕೆಲಸ. ಎರಡರ ಕ್ಲೋಷರೂ ಕೈ ಹಾಕುವುದು ಒಂದೇ ಎಣಿಕೆಗೆ. ಓಡಿಸುವ ಮೊದಲೇ ತಪ್ಪು ಹಿಡಿಯುವ ಕಂಪೈಲರ್ ಒಪ್ಪಲಿಲ್ಲ. ನನಗೆ ಊರಿಗೆ ಹೊರಡುವ ಗಡಿಬಿಡಿ. ‘ಅನ್‌ಸೇಫ್’ ಅಂತ ಬರೆದು ಅದರ ಬಾಯಿ ಮುಚ್ಚಿಸಿದೆ.

ಅದು ಏನು ಹೇಳುತ್ತಿತ್ತು ಅಂತ ಸಾಹುಕಾರರು ಕೇಳಿದರು. ಒಂದೇ ಎಣಿಕೆಗೆ ಇಬ್ಬರು ಒಮ್ಮೆಲೇ ಕೈ ಹಾಕಬಾರದಂತೆ ಅಂದೆ.

“ಖರೇನ ಹೇಳಾಕತ್ತೈತಲ್ರಿ. ಮತ್ತ ನೀವ್ಯಾಕ ಕೇಳವಲ್ರಿ?”

೩. ನಲವತ್ತೊಂದು

ಮೂರನೆಯ ದಿನ ಗಿರಣಿಯಿಂದ ಫೋನ್ ಬಂತು. ಓಡಿ ಹೋದೆ. ದಢೇಸುಗೂರಿನ ಹಿರಿಯರೊಬ್ಬರ ಕೈಯಲ್ಲೂ ಟೋಕನ್ ನಲವತ್ತೊಂದು, ಮಸ್ಕಿ ಕಡೆಯ ಇನ್ನೊಬ್ಬರ ಕೈಯಲ್ಲೂ ನಲವತ್ತೊಂದು. ಇಬ್ಬರೂ ಬೀಗರು. ಮಕ್ಕಳ ಮದುವೆಯಲ್ಲಿ ಮೊದಲ ಪಂಕ್ತಿಗೆ ಯಾರು ಕೂಡಬೇಕೆಂದು ಮುನಿಸಿಕೊಂಡು ಎರಡು ವರ್ಷದಿಂದ ಮಾತು ಬಿಟ್ಟವರಂತೆ. ಈಗ ಜನರೆದುರು ಸಣ್ಣವರಾಗಲು ಇಬ್ಬರಿಗೂ ಮನಸ್ಸಿಲ್ಲ. ನೀವು ಮೊದಲು ಹೋಗ್ರಿ ಅಂತ ಇವರು, ಇಲ್ರಿ ನೀವೇ ಅಂತ ಅವರು. ಅರ್ಧ ತಾಸು ತೂಕದ ಕಾಟಾ ಖಾಲಿ, ಹಿಂದೆ ರಸ್ತೆತನಕ ಟ್ರ್ಯಾಕ್ಟರ್ ಸಾಲು.

ತಪ್ಪು ನನ್ನದು ಎಂದು ಎಲ್ಲರೆದುರು ಕೈ ಮುಗಿದೆ. ತಲೆ ಎತ್ತಲಾಗಲಿಲ್ಲ. ಬೀಗರಿಬ್ಬರು ಮಾತ್ರ ನಗುತ್ತಾ ಒಟ್ಟಿಗೆ ಚಹಾಕ್ಕೆ ಹೋದರು.

ಅವತ್ತೇ ಕೂತು, ಕ್ಲಾಸಿನಲ್ಲಿ ಕಲಿಸುವ ಹಾಗೆಯೇ ಎಣಿಕೆಗೊಂದು ಬೀಗ ಹಾಕಿದೆ: ಒಂದು ಗೇಟು ನಂಬರು ತೆಗೆದುಕೊಂಡು ಬಿಟ್ಟ ಮೇಲೆಯೇ ಇನ್ನೊಂದಕ್ಕೆ. ವಾರ ಬಿಟ್ಟು, ಈಗ ಸರಿ ಇದೆಯೇ ಎಂದು ಸಾಹುಕಾರರನ್ನು ಕೇಳಿದೆ.

“ನಂಬರು ಸರಿ ಬರಾಕತ್ತಾವ್ರಿ ಮೇಡಂ. ನಿನ್ನಿ ಅವರಿಗೆ ಹದಿನೇಳು, ಇವರಿಗೆ ಹದಿನೆಂಟು. ನೀವು ಬೀಗ ಹಾಕಿದ್ರಿ, ಬೀಗರು ಮತ್ತ ಮಾತು ಬಿಟ್ಟಾರ.”